ಸಂಜೆ ಏಳಕ್ಕೆ ಕೈಕೊಡುತ್ತಿದ್ದ ಆ್ಯಪಲ್-1: ಶಂಕರಪುರದ ಒಂದು ರಿಪೇರಿ

ದೂರು ಇಷ್ಟೇ. ಹಗಲಿಡೀ ಚಂದ ಓಡುವ ಕಂಪ್ಯೂಟರ್ ಸಂಜೆ ಏಳರ ಹೊತ್ತಿಗೆ ಹುಚ್ಚುಹುಚ್ಚಾಗಿ ಆಡಲು ಶುರು ಮಾಡುತ್ತದೆ. ರಾತ್ರಿ ಹತ್ತೂವರೆ ಹನ್ನೊಂದು ದಾಟಿದ ಮೇಲೆ ಯಾರೂ ಮುಟ್ಟದೆಯೇ ಸರಿಯಾಗುತ್ತದೆ. ಮನೆ ಇರುವುದು ಉಡುಪಿ ಜಿಲ್ಲೆಯ ಶಂಕರಪುರದಲ್ಲಿ, ಮಲ್ಲಿಗೆ ತೋಟಗಳ ನಡುವೆ. ಕಂಪ್ಯೂಟರ್ ನನ್ನ ಭಾವಮೈದನದು. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಹುಡುಗ, ಹಾರ್ಡ್‌ವೇರ್ ಹುಚ್ಚು ಆಮೇಲೆ ಹಿಡಿದದ್ದು. ನಾನು ಮಂಗಳೂರಿನಲ್ಲಿ ಕಾರ್ಖಾನೆಗಳ ಎಲೆಕ್ಟ್ರಾನಿಕ್ ಬೋರ್ಡ್ ರಿಪೇರಿ ಮಾಡಿಕೊಂಡಿರುವವನು, ಹಾಗಾಗಿ ಫೋನ್ ನನಗೆ ಬಂತು. "ಭಾವ, ಎಂತ ಮಾಡಿದ್ರೂ ಆಗ್ತಾ ಇಲ್ಲ. ನೀವೊಮ್ಮೆ ಸ್ಕೋಪ್ ಹಿಡ್ಕೊಂಡು ಬನ್ನಿ." ಸ್ಕೋಪ್ ಅಂದರೆ ಆಸಿಲ್ಲೋಸ್ಕೋಪ್, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ.

ಮೊದಲು ಯಂತ್ರದ ಪರಿಚಯ. ಆ್ಯಪಲ್-1 ಅಂದರೆ 1976ರಲ್ಲಿ ಸ್ಟೀವ್ ವೋಜ್ನಿಯಾಕ್ ವಿನ್ಯಾಸ ಮಾಡಿದ, 666.66 ಡಾಲರ್‌ಗೆ ಮಾರಾಟವಾದ ಒಂದು ಬೋರ್ಡ್. ತಯಾರಾದದ್ದು ಸುಮಾರು 200 ಮಾತ್ರ, ಉಳಿದಿರುವ ಅಸಲಿಗಳ ಬೆಲೆ ಈಗ ನಮ್ಮಂಥವರು ಕೇಳುವ ಹಾಗೂ ಇಲ್ಲ. ಹಾಗಾಗಿ ಹುಚ್ಚಿರುವವರು ಅದೇ ನಕ್ಷೆಯ ಖಾಲಿ ಬೋರ್ಡ್ ತರಿಸಿ, ಹಳೆ ದಾಸ್ತಾನಿನ ಚಿಪ್‌ಗಳನ್ನು ಒಂದೊಂದೇ ಹುಡುಕಿ ತಂದು, ತಾವೇ ಸೋಲ್ಡರ್ ಮಾಡುತ್ತಾರೆ. 6502 ಪ್ರೊಸೆಸರ್, ವೇಗ 1 ಮೆಗಾಹರ್ಟ್ಸ್‌ಗಿಂತ ಒಂಚೂರು ಜಾಸ್ತಿ. ಬೋರ್ಡ್ ಮೇಲೆ 8ಕೆ ತನಕ ಮೆಮೊರಿ ಕೂರಿಸಬಹುದು. ರಿಸೆಟ್ ಒತ್ತಿದಾಗ ಓಡುವ, ಕೀಬೋರ್ಡ್‌ನಿಂದ ಆಜ್ಞೆ ತೆಗೆದುಕೊಳ್ಳುವ ಮಾನಿಟರ್ ಪ್ರೋಗ್ರಾಂ ಇರುವುದು ಬರೀ 256 ಬೈಟ್‌ನಲ್ಲಿ, ಬರೆದದ್ದು ಅಳಿಯದ ಎರಡು ಪುಟ್ಟ ಪ್ರಾಮ್ ಚಿಪ್‌ಗಳಲ್ಲಿ. ಪರದೆಯಲ್ಲಿ ಸಾಲಿಗೆ 40 ಅಕ್ಷರ, 24 ಸಾಲು.

ಈ ಕತೆಗೆ ಬೇಕಾದ ಇನ್ನೊಂದು ವಿಷಯ ಉಂಟು. ಆಗ 666 ಡಾಲರ್ ಕೊಟ್ಟವನಿಗೂ ಡಬ್ಬಿ ಇರಲಿಲ್ಲ, ಕೀಬೋರ್ಡ್ ಇರಲಿಲ್ಲ, ಟ್ರಾನ್ಸ್‌ಫಾರ್ಮರ್ ಕೂಡ ಇರಲಿಲ್ಲ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ಅದನ್ನು ತುಂಬಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್, ಅದರಿಂದ ಸ್ಥಿರ ವೋಲ್ಟೇಜ್ ಕೊಡುವ ರೆಗ್ಯುಲೇಟರ್ ಎಲ್ಲ ಬೋರ್ಡ್ ಮೇಲೆಯೇ ಇವೆ. ಆದರೆ ಅವಕ್ಕೆ ಎಸಿ ಕೊಡುವ ಎರಡು ಟ್ರಾನ್ಸ್‌ಫಾರ್ಮರ್ ತಂದುಕೊಳ್ಳುವುದು ಗಿರಾಕಿಯ ಕೆಲಸ. ಒಂದು 8ರಿಂದ 10 ವೋಲ್ಟ್, 3 ಆ್ಯಂಪಿಯರ್. ಇನ್ನೊಂದು 28 ವೋಲ್ಟ್ ಸೆಂಟರ್ ಟ್ಯಾಪ್, 1 ಆ್ಯಂಪಿಯರ್. ಮ್ಯಾನುಯಲ್‌ನಲ್ಲಿ ಇರುವುದು ಅಷ್ಟೇ.

ಈ ಬೋರ್ಡ್‌ನಲ್ಲಿ ತೊಂದರೆ ಹುಡುಕುವವರು ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದದ್ದು, ಇದು ಒಂದೇ ಬೋರ್ಡ್ ಮೇಲೆ ಕೂತಿರುವ ಎರಡು ಯಂತ್ರ. ಒಂದು ಬದಿಯಲ್ಲಿ ಪರದೆಗೆ ಅಕ್ಷರ ಬರೆಯುವ ಟರ್ಮಿನಲ್, ಇನ್ನೊಂದು ಬದಿಯಲ್ಲಿ ಪ್ರೊಸೆಸರ್ ಮತ್ತು ಮೆಮೊರಿ. ಮಧ್ಯದಲ್ಲಿ ಎರಡನ್ನೂ ಜೋಡಿಸುವ ಪಿಐಎ ಅನ್ನುವ ಒಂದು ಚಿಪ್. ಟರ್ಮಿನಲ್‌ಗೆ ಪ್ರೊಸೆಸರ್ ಬೇಕಾಗಿಯೇ ಇಲ್ಲ. 6502 ಅನ್ನು ಸಾಕೆಟ್‌ನಿಂದ ಕಿತ್ತು ಪಕ್ಕಕ್ಕಿಟ್ಟರೂ ಆನ್ ಮಾಡಿದ ಕೂಡಲೇ ಪರದೆ ತುಂಬ _ ಮತ್ತು @ ಚಿಹ್ನೆಗಳು ಬರುತ್ತವೆ, ಕ್ಲಿಯರ್ ಬಟನ್ ಒತ್ತಿದರೆ ಅಳಿಸಿಹೋಗುತ್ತವೆ, ಮೂಲೆಯಲ್ಲಿ @ ಕರ್ಸರ್ ಮಿನುಗುತ್ತದೆ. ಆ ಮಿನುಗು ಬರುವುದು ಒಂದು 555 ಟೈಮರ್‌ನಿಂದ. ಅಂದರೆ ಕರ್ಸರ್ ಮಿನುಗುತ್ತಿದೆ ಅಂತ ಕಂಪ್ಯೂಟರಿಗೆ ಜೀವ ಉಂಟು ಅಂದುಕೊಳ್ಳುವ ಹಾಗಿಲ್ಲ. ಜೀವ ಉಂಟೋ ಇಲ್ಲವೋ ನೋಡಬೇಕಾದರೆ ರಿಸೆಟ್ ಒತ್ತಬೇಕು, \ ಬರಬೇಕು. ಆಮೇಲೆ ಕೀ ಒತ್ತಿದರೆ ಆ ಅಕ್ಷರ ಪರದೆಯಲ್ಲಿ ಮೂಡಬೇಕು. ಅದನ್ನು ಪರದೆಗೆ ಕಳಿಸುವುದು ಪ್ರೊಸೆಸರೇ, ಹಾಗಾಗಿ ಒಂದು ಅಕ್ಷರ ಮೂಡಿತು ಅಂದರೆ ಪ್ರೊಸೆಸರ್, ಪ್ರಾಮ್, ಪಿಐಎ, ಕೀಬೋರ್ಡ್ ನಾಲ್ಕೂ ಒಟ್ಟಿಗೆ ಕೆಲಸ ಮಾಡುತ್ತಿವೆ ಅಂತ ಲೆಕ್ಕ.

ಬೋರ್ಡ್ ಕಟ್ಟಿದ ಹೊಸತರಲ್ಲಿ ಬೇರೆಯೇ ಒಂದು ದೋಷ ಇತ್ತಂತೆ, ಅದನ್ನು ಭಾವಮೈದನೇ ಹುಡುಕಿದ್ದ. ರಿಸೆಟ್ ಒತ್ತಿದರೆ \ ಬರುತ್ತಿರಲಿಲ್ಲ. 6502ರ ಸಿಂಕ್ ಪಿನ್‌ನಲ್ಲಿ ಪಲ್ಸ್ ಇತ್ತು, ಅಂದರೆ ಪ್ರೊಸೆಸರ್ ಏನೋ ಓಡಿಸುತ್ತಾ ಇದೆ. ಆದರೆ ಪಿಐಎಗೆ ಕರೆ ಹೋಗುತ್ತಿರಲಿಲ್ಲ. ಈ ಬೋರ್ಡ್‌ನಲ್ಲಿ ಯಾವ ವಿಳಾಸ ಯಾವ ಚಿಪ್‌ಗೆ ಅನ್ನುವುದನ್ನು 74154 ಡಿಕೋಡರ್ ಪಕ್ಕದ ತೂತುಗಳ ನಡುವೆ ತುಂಡು ವೈರ್ ಹಾಕಿ ನಾವೇ ತೀರ್ಮಾನಿಸಬೇಕು. ಪಿಐಎಯ ವೈರ್ 'ಡಿ' ಅನ್ನುವ ತೂತಿಗೆ ಹೋಗಬೇಕಾದದ್ದು ಪಕ್ಕದ 'ಸಿ'ಗೆ ಹೋಗಿತ್ತು. ಸರಿಮಾಡಿದ, ಓಡಿತು. ಈ ಬೋರ್ಡ್ ಕಟ್ಟುವವರು ಜಾಸ್ತಿ ಎಡವುವ ಜಾಗ ಅದು, ಹೆಚ್ಚು ಹೇಳುವುದೇನೂ ಇಲ್ಲ.

ಅಸಲಿ ತಲೆನೋವು ಶುರುವಾದದ್ದು ಅದರ ನಂತರ, ಏಪ್ರಿಲ್‌ನಲ್ಲಿ. ಹಗಲು ಬೇಸಿಕ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಓಡುತ್ತದೆ, ಆಟ ಓಡುತ್ತದೆ. ಸಂಜೆ ಆದರೆ ಪ್ರೋಗ್ರಾಂ ಮಧ್ಯದಲ್ಲಿ ಬಿದ್ದುಹೋಗುತ್ತದೆ, ಕೆಲವೊಮ್ಮೆ ಕಸ ಅಕ್ಷರ ಸುರಿಯುತ್ತದೆ, ಕೆಲವೊಮ್ಮೆ ರಿಸೆಟ್‌ಗೂ ಉತ್ತರ ಇಲ್ಲ. ಕರ್ಸರ್ ಮಾತ್ರ ನಿಶ್ಚಿಂತೆಯಿಂದ ಮಿನುಗುತ್ತಿರುತ್ತದೆ.

ಅವನು ಮಾಡಿದ್ದೆಲ್ಲ ಕೇಳಿದರೆ ಪಾಪ ಅನ್ನಿಸುತ್ತದೆ. ಮೊದಲು 6502 ಬದಲಿಸಿದ. ರಾತ್ರಿ ಎಂಟಕ್ಕೆ ಕೈ ಹಾಕಿ, ಸಾಕೆಟ್ ಕ್ಲೀನ್ ಮಾಡಿ, ಊಟ ಮುಗಿಸಿ, ಹೊಸ ಚಿಪ್ ಕೂರಿಸಿ ಆನ್ ಮಾಡುವಾಗ ಹನ್ನೊಂದು ಗಂಟೆ. ಯಂತ್ರ ಓಡಿತು! ಹಾಗಾದರೆ ಹಳೇ 6502 ಹಾಳಾಗಿತ್ತು ಅಂತ ಬರೆದಿಟ್ಟ. ಮರುದಿನ ಸಂಜೆ ಮತ್ತೆ ಅದೇ ಕತೆ. ಆಮೇಲೆ ಮೆಮೊರಿ ಚಿಪ್‌ಗಳ ಸರದಿ, ಅದೂ ರಾತ್ರಿಯೇ, ಅದೂ 'ಸರಿಯಾಯಿತು'. ಹೀಗೆ ಒಂದೊಂದು ಚಿಪ್ ಬದಲಿಸಿದಾಗಲೂ ಯಂತ್ರ ಸರಿಯಾಗಿದೆ, ಯಾಕಂದರೆ ಬದಲಿಸಿ ಮುಗಿಸುವಷ್ಟರಲ್ಲಿ ಆ ಕೆಟ್ಟ ಹೊತ್ತು ಕಳೆದುಹೋಗುತ್ತಿತ್ತು. ಇಷ್ಟು ಚೆನ್ನಾಗಿ ದಾರಿ ತಪ್ಪಿಸುವ ದೋಷವನ್ನು ನಾನು ಕಾರ್ಖಾನೆಯ ಬೋರ್ಡ್‌ಗಳಲ್ಲೂ ಅಪರೂಪಕ್ಕೆ ನೋಡಿದ್ದೇನೆ.

ಕೊನೆಗೆ ಎಲ್ಲರೂ ಬಂದು ನಿಂತದ್ದು ಉಪ್ಪು ಗಾಳಿಯ ಹತ್ತಿರ. ಕರಾವಳಿಯಲ್ಲಿ ಯಾವುದು ಕೆಟ್ಟರೂ ಉಪ್ಪು ಗಾಳಿ, ಅಲ್ವಾ? ಗೇಟ್ ತುಕ್ಕು ಹಿಡಿದರೂ ಅದೇ, ಮಿಕ್ಸಿ ನಿಂತರೂ ಅದೇ. ಸಂಜೆ ತೇವ ಜಾಸ್ತಿಯಾಗುತ್ತದೆ, ಸೋಲ್ಡರ್ ಮಾಡುವಾಗ ಹಚ್ಚಿ ಬೋರ್ಡ್ ಮೇಲೆ ತೊಳೆಯದೆ ಉಳಿದ ಫ್ಲಕ್ಸ್‌ನಲ್ಲಿ ಕರೆಂಟ್ ಸೋರುತ್ತದೆ ಅನ್ನುವುದು ಅವನ ವಾದ. ವಾದದಲ್ಲಿ ಹುರುಳಿಲ್ಲ ಅಂತ ಹೇಳುವುದಿಲ್ಲ, ಅಂಥ ಕೇಸ್ ನಾನು ನೋಡಿದ್ದೇನೆ. ಆದರೆ ತೇವ ರಾತ್ರಿ ಹನ್ನೊಂದಕ್ಕೆ ಕಡಿಮೆಯಾಗುವುದಿಲ್ಲ, ಬೆಳಗಿನ ಜಾವದ ತನಕ ಏರುತ್ತಲೇ ಇರುತ್ತದೆ. ದೋಷ ಹನ್ನೊಂದಕ್ಕೆ ಮಾಯವಾಗುತ್ತಿದ್ದರೆ ಅದು ಹವೆಯ ಗಡಿಯಾರಕ್ಕೆ ಓಡುತ್ತಿಲ್ಲ, ಜನರ ಗಡಿಯಾರಕ್ಕೆ ಓಡುತ್ತಿದೆ. ಬೋರ್ಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ ತೊಳೆದಾಗಿತ್ತು, ಏನೂ ವ್ಯತ್ಯಾಸ ಆಗಿರಲಿಲ್ಲ.

ನಾನು ಮಧ್ಯಾಹ್ನವೇ ಹೋಗಿ ಕೂತೆ. ಮ್ಯಾನುಯಲ್‌ನಲ್ಲಿ ಒಂದು 11 ಬೈಟ್‌ನ ಪರೀಕ್ಷಾ ಪ್ರೋಗ್ರಾಂ ಇದೆ, ಎಲ್ಲ ಅಕ್ಷರಗಳನ್ನು ಸುಮ್ನೆ ಒಂದರ ಹಿಂದೆ ಒಂದು ಮುದ್ರಿಸುತ್ತಾ ಹೋಗುತ್ತದೆ. ಅದನ್ನು ಓಡಿಸಲು ಬಿಟ್ಟು ಚಾ ಕುಡಿದೆವು. ಸೆಕೆಂಡಿಗೆ 60 ಅಕ್ಷರ, ಅದಕ್ಕಿಂತ ಬೇಗ ಈ ಟರ್ಮಿನಲ್ ಬರೆಯುವುದಿಲ್ಲ. ಒಂದೇ ಲಯದಲ್ಲಿ ಓಡುತ್ತಿತ್ತು. ಆರೂವರೆಗೆ ಪಕ್ಕದ ತೋಟದ ಪಂಪ್ ಶುರುವಾಯಿತು, ಅದರ ಆಚೆಯದೂ ಶುರುವಾಯಿತು. ಫ್ಯಾನ್ ಸದ್ದು ಸ್ವಲ್ಪ ತಗ್ಗಿತು, ಅಂದರೆ ಪಂಪ್‌ಗಳು ಎಳೆದು ಲೈನಿನ ವೋಲ್ಟೇಜ್ ಇಳಿಯುತ್ತಿದೆ. ಆಗ ನನಗೆ ಅರ್ಧ ಉತ್ತರ ಸಿಕ್ಕಿದ ಹಾಗೆಯೇ, ಆದರೆ ಅರ್ಧ ಉತ್ತರ ಇಟ್ಟುಕೊಂಡು ಸೋಲ್ಡರ್ ಕಬ್ಬಿಣ ಬಿಸಿ ಮಾಡುವುದು ನನ್ನ ಅಭ್ಯಾಸವಲ್ಲ.

ಏಳಕ್ಕೆ ಸ್ವಲ್ಪ ಮೊದಲು ಪರದೆಯಲ್ಲಿ ಒಂದು ಬದಲಾವಣೆ ಕಂಡಿತು. ಅಕ್ಷರಗಳ ಹೊಳಪಿನಲ್ಲಿ ಅಡ್ಡಡ್ಡ ನೆರಳು ಓಡತೊಡಗಿತು, ಬಹಳ ತೆಳು, ಆದರೆ ಉಂಟು. ಹಗಲಿನಲ್ಲಿ ಅದು ಇರಲಿಲ್ಲ. ಕೆಲವು ನಿಮಿಷದಲ್ಲಿ ಪ್ರೋಗ್ರಾಂ ಬಿತ್ತು.

ಗೋಡೆಯ ಪ್ಲಗ್‌ನಲ್ಲಿ 204 ವೋಲ್ಟ್. ಬೋರ್ಡ್‌ನ 5 ವೋಲ್ಟ್ ಲೈನಿಗೆ ಮೀಟರ್ ಇಟ್ಟರೆ 4.8. "ನೋಡಿ ಭಾವ, ಅದು ಸರಿ ಉಂಟು, ನಾನು ಅವತ್ತೇ ನೋಡಿದ್ದೆ" ಅಂದ. ಅವನ ಮಾತು ತಪ್ಪಲ್ಲ. ಈ ಚಿಪ್‌ಗಳಿಗೆ ಶೇಕಡಾ 5 ಆಚೀಚೆ ಆಗಬಹುದು, ಅಂದರೆ 4.75 ತನಕ ಪರವಾಗಿಲ್ಲ. ಉಳಿದ ಮೂರು ಲೈನ್, ಪ್ಲಸ್ 12, ಮೈನಸ್ 12, ಮೈನಸ್ 5, ಅಲ್ಲಾಡಿರಲೇ ಇಲ್ಲ. ಅವಕ್ಕೆ ಬರುವ 28 ವೋಲ್ಟ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಬೇಕಾದಷ್ಟು ಮಿಗತೆ ಇದೆ.

ಸ್ಕೋಪ್ ತೆಗೆಯುವಷ್ಟರಲ್ಲಿ ಗುಡುಗು ಬಂದು ಕರೆಂಟೇ ಹೋಯಿತು. ಇನ್ವರ್ಟರ್ ಹಿಡಿದುಕೊಂಡಿತು. ಅದು ಹಳೇ ಕಾಲದ್ದು, ಚೌಕ ಅಲೆಯದು, ಫ್ಯಾನ್ ಗುಂಯ್ ಅನ್ನುವ ಜಾತಿ. ಪ್ಲಗ್‌ನಲ್ಲಿ 220 ವೋಲ್ಟ್, ಲೈನಿನಲ್ಲಿ ಇದ್ದದ್ದಕ್ಕಿಂತ ಜಾಸ್ತಿಯೇ. ಯಂತ್ರ ಚುರುಕಾಗಬೇಕಿತ್ತು, ಆದರೆ ಪೂರ್ತಿ ಸತ್ತೇಹೋಯಿತು. ಕರ್ಸರ್ ಮಿನುಗುತ್ತದೆ, ರಿಸೆಟ್ ಒತ್ತಿದರೆ \ ಇಲ್ಲ. ಮೀಟರ್ ಈಗ 5 ವೋಲ್ಟ್ ಲೈನಿನಲ್ಲಿ 4.1 ತೋರಿಸುತ್ತಿತ್ತು.

ಉಳಿದ ಅರ್ಧ ಉತ್ತರ ಅದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಲೆಕ್ಕ ಸುಲಭದ್ದು.

ಪ್ಲಗ್‌ನಲ್ಲಿ 230 ವೋಲ್ಟ್ ಅಂದರೆ ಅಲೆಯ ತುದಿ 325. ಕೆಪಾಸಿಟರ್ ತುಂಬುವುದು ತುದಿಗೆ, ಮೀಟರ್ ತೋರಿಸುವ ಅಂಕಿಗಲ್ಲ. ಚೌಕ ಅಲೆಗೆ ತುದಿ ಅಂತ ಬೇರೆ ಇಲ್ಲ, 220 ಅಂದರೆ ತುದಿಯೂ ಸುಮಾರು ಅಷ್ಟೇ. ಹುಡುಗನ ಟ್ರಾನ್ಸ್‌ಫಾರ್ಮರ್ 230ಕ್ಕೆ 8 ವೋಲ್ಟ್ ಕೊಡುವಂಥದ್ದು. ಮಾಮೂಲಿ ಕರೆಂಟಿನಲ್ಲಿ ಅದರ ತುದಿ 11.3, ಇನ್ವರ್ಟರ್‌ನಲ್ಲಿ 7.7. ಅದರಲ್ಲಿ ಬ್ರಿಜ್ ರೆಕ್ಟಿಫೈಯರ್‌ನ ಎರಡು ಡಯೋಡ್ 1.7ರಷ್ಟು ತಿಂದರೆ ಉಳಿಯುವುದು 6. ಈ ಬೋರ್ಡ್‌ನಲ್ಲಿರುವ ಎಲ್‌ಎಂ323 ರೆಗ್ಯುಲೇಟರ್‌ಗೆ 5 ವೋಲ್ಟ್ ಕೊಡಬೇಕಾದರೆ ಒಳಗೆ 7 ಬೇಕು, ತನ್ನ ಪಾಲಿಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. 6ರಲ್ಲಿ 2 ಹೋದರೆ 4. ಮೀಟರ್ ಸುಳ್ಳು ಹೇಳಿರಲಿಲ್ಲ.

ಇನ್ನು ಸಂಜೆಯ 204 ವೋಲ್ಟ್. ಟ್ರಾನ್ಸ್‌ಫಾರ್ಮರ್‌ನ ಹೊರಬದಿಯ ಸುರುಳಿಯಲ್ಲಿ, ಅಂದರೆ ಸೆಕೆಂಡರಿಯಲ್ಲಿ, 7.1, ತುದಿ 10. ಭಾರ ಎಳೆಯುವಾಗ ಡಯೋಡ್‌ಗಳು 2 ತಿಂದು 8 ಉಳಿಯಿತು. 7 ಸಾಕಲ್ವಾ, 8 ಇದೆಯಲ್ಲ? ಇಲ್ಲಿ ಕೆಪಾಸಿಟರ್ ಲೆಕ್ಕ ಬರುತ್ತದೆ. ಅದು ಮನೆಯ ಮೇಲಿನ ನೀರಿನ ಟ್ಯಾಂಕ್ ಹಾಗೆ, ಪಂಪ್ ಓಡುವುದು ತುದಿ ಬಂದಾಗ ಮಾತ್ರ, ನಡುವಿನ ಹೊತ್ತಿನಲ್ಲಿ ಮನೆ ಟ್ಯಾಂಕ್‌ನ ನೀರನ್ನೇ ಖರ್ಚು ಮಾಡುತ್ತದೆ. ಈ ಬೋರ್ಡ್ 5 ವೋಲ್ಟ್‌ನಲ್ಲಿ ಎಳೆಯುವುದು 1.5 ಆ್ಯಂಪಿಯರ್ ಆಸುಪಾಸು, ಕೆಪಾಸಿಟರ್ 5300 ಮೈಕ್ರೋಫ್ಯಾರಡ್. ಎರಡು ತುದಿಗಳ ನಡುವೆ ಅಮೆರಿಕದ 60 ಹರ್ಟ್ಸ್‌ನಲ್ಲಿ 8.3 ಮಿಲಿಸೆಕೆಂಡ್, ನಮ್ಮ 50 ಹರ್ಟ್ಸ್‌ನಲ್ಲಿ 10. ಅದರಲ್ಲಿ ಮುಕ್ಕಾಲು ಪಾಲು ಹೊತ್ತು ಕೆಪಾಸಿಟರ್ ಒಂದೇ ಭಾರ ಹೊರಬೇಕು. ಅಲ್ಲಿ 1.75 ವೋಲ್ಟ್ ಇಳಿದರೆ ಇಲ್ಲಿ 2.1 ಇಳಿಯುತ್ತದೆ. 8ರಿಂದ 2.1 ಇಳಿದರೆ 5.9. ರೆಗ್ಯುಲೇಟರ್ ಸೋಲುತ್ತದೆ, ಹೊರಗಿನ 5 ವೋಲ್ಟ್ 4ರ ಹತ್ತಿರ ಬಿದ್ದು, ಮುಂದಿನ ತುದಿಗೆ ಮತ್ತೆ ಎದ್ದು ನಿಲ್ಲುತ್ತದೆ. ಸೆಕೆಂಡಿಗೆ 100 ಸಲ. ಮೀಟರ್ ಅದನ್ನೆಲ್ಲ ಸರಾಸರಿ ಮಾಡಿ 4.8 ಅನ್ನುತ್ತದೆ. ಪರದೆಯ ನೆರಳು ಇದೇ. ಚಿತ್ರ ಸೆಕೆಂಡಿಗೆ 60 ಸಲ, ಇಳಿತ 100 ಸಲ, ಎರಡೂ ಹೊಂದದೆ ನೆರಳು ಓಡಾಡುತ್ತಿತ್ತು.

ಕರೆಂಟ್ ಬಂದ ಮೇಲೆ ಬ್ಯಾಟರಿ ಸ್ಕೋಪ್ ಇಟ್ಟು ತೋರಿಸಿದೆ. 5 ವೋಲ್ಟ್‌ನ ಗೆರೆ ಗರಗಸದ ಹಲ್ಲಾಗಿತ್ತು, ತಳ 4.1ರಲ್ಲಿ. ಹುಡುಗ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ನಾನು ತರಿಸಿದ 6502ಗಳೆಲ್ಲ?" ಎಲ್ಲವೂ ಸರಿ ಉಂಟು ಮಾರಾಯ. ಅದರಲ್ಲಿ ಒಂದರ ಮುದ್ರಣ ಅಸಿಟೋನ್ ಹಚ್ಚಿದರೆ ಅಳಿಸಿಹೋಗುತ್ತದೆ, ಯಾರೋ ಉಜ್ಜಿ ಹೊಸ ಹೆಸರು ಬರೆದ ಮಾಲು. ಅದೂ ಓಡುತ್ತದೆ.

ಕಾರಣ ಸಿಕ್ಕಿತು ಅಂದ ಮೇಲೂ ಅದನ್ನು ಬೇಕಾದಾಗ ಬರಿಸಲು, ಬೇಕಾದಾಗ ನಿಲ್ಲಿಸಲು ಆಗಬೇಕು. ಅಲ್ಲಿಯ ತನಕ ಅದು ಬರೀ ಊಹೆ. ಫ್ರಿಜ್‌ನ ಸ್ಟೆಬಿಲೈಸರ್ ಬಿಚ್ಚಿ ತಂದು ಅದರ ಮೂಲಕ ಕೊಟ್ಟಾಗ ಪಂಪ್‌ಗಳು ಓಡುತ್ತಿದ್ದರೂ ಯಂತ್ರ ಬೀಳಲಿಲ್ಲ. ಮರುದಿನ ಹಗಲು, ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಳಿಸುವ ಡಿಮ್ಮರ್‌ಸ್ಟ್ಯಾಟ್ ಹಾಕಿ 235ರಿಂದ ನಿಧಾನಕ್ಕೆ ಇಳಿಸಿದೆ. 225ರ ಕೆಳಗೆ ಸ್ಕೋಪ್‌ನಲ್ಲಿ ಹಲ್ಲು ಕಾಣಿಸಿತು, 210ರ ಕೆಳಗೆ ಪ್ರೋಗ್ರಾಂ ಬಿತ್ತು. ಸುಡು ಮಧ್ಯಾಹ್ನದಲ್ಲಿ, ಯಾವ ತೇವವೂ ಇಲ್ಲದೆ.

ಹಾಗಾದರೆ 8 ವೋಲ್ಟ್ ಟ್ರಾನ್ಸ್‌ಫಾರ್ಮರ್ ಯಾಕೆ ಕಟ್ಟಿಸಿದ್ದ? ಮ್ಯಾನುಯಲ್‌ನಲ್ಲಿ 8ರಿಂದ 10 ಅಂತ ಇದೆ. ಈ ರೆಗ್ಯುಲೇಟರ್ ಭಯಂಕರ ಬಿಸಿಯಾಗುತ್ತದೆ ಅಂತ ಓದಿದ್ದ, ನಮ್ಮ ಸೆಕೆಗೆ ಕಡಿಮೆಯೇ ಇರಲಿ ಅಂತ 8 ಹೇಳಿದ. ವೈಂಡಿಂಗ್ ಅಂಗಡಿಯವರು ಹೇಳಿದ್ದನ್ನೇ ಕಟ್ಟಿಕೊಟ್ಟರು. ಯೋಚನೆ ಕೆಟ್ಟದ್ದೇನಲ್ಲ. ಆದರೆ ಆ 8 ಅನ್ನುವ ಕನಿಷ್ಠ 60 ಹರ್ಟ್ಸ್‌ನ ಊರಿನದು, ಲೈನಿನ ಕೊನೆಯಲ್ಲಿರುವ, ಸಂಜೆ ಪಂಪ್ ಎಳೆಯುವ 50 ಹರ್ಟ್ಸ್‌ನ ಊರಿನದಲ್ಲ.

ಸರಿಪಡಿಸುವುದು ಹೇಗೆ ಅನ್ನುವುದಕ್ಕೆ ಸಣ್ಣ ಜಗಳವೇ ಆಯಿತು. ನಾನು ಹೇಳಿದ್ದು, ಒಂದು 5 ವೋಲ್ಟ್‌ನ ಒಳ್ಳೆ ಎಸ್‌ಎಂಪಿಎಸ್ (ಮೊಬೈಲ್ ಚಾರ್ಜರ್ ಜಾತಿಯ ಪವರ್ ಸಪ್ಲೈ) ಹಾಕು, ಕತೆ ಮುಗಿಯಿತು. ಕೆಲಸದ ಬೋರ್ಡ್ ಆಗಿದ್ದರೆ ನಾನು ಕೇಳುವ ಗೋಜಿಗೂ ಹೋಗುತ್ತಿರಲಿಲ್ಲ. "ಹಾಗೆ ಮಾಡಿದ್ರೆ ಅದು ಆ್ಯಪಲ್-1 ಹೇಗೆ ಆಗ್ತದೆ ಭಾವ? ಆ ರೆಗ್ಯುಲೇಟರ್, ಆ ದೊಡ್ಡ ಕೆಪಾಸಿಟರ್ ಇದ್ರೇ ಅದು." ಮ್ಯೂಸಿಯಂ ವಸ್ತುವಿಗೆ ಅವನ ಮಾತೇ ಸರಿ, ಒಪ್ಪಿಕೊಂಡೆ. ಸ್ಟೆಬಿಲೈಸರ್ ಖಾಯಂ ಇಡುವುದು ನನಗೆ ಇಷ್ಟವಿರಲಿಲ್ಲ. ರಿಲೇ ಟಕ್ ಅಂತ ಬದಲಾಗುವಾಗ ಒಂದು ಕ್ಷಣ ಕರೆಂಟ್ ಕಡಿಯುತ್ತದೆ, ಕೆಪಾಸಿಟರ್ ಮೊದಲೇ ಬಡವಾಗಿರುವ ಬೋರ್ಡಿಗೆ ಅದೂ ಒಂದು ಪೆಟ್ಟು.

ಕೊನೆಗೆ ಎರಡು ಬದಲಾವಣೆ. ಸೆಕೆಂಡರಿಯನ್ನು ಬಿಚ್ಚಿ 9 ವೋಲ್ಟ್‌ಗೆ, ಅದೂ 3 ಆ್ಯಂಪಿಯರ್ ಭಾರದಲ್ಲಿ 9, ಮತ್ತೆ ಕಟ್ಟಿಸಿದೆವು. ಹಳೆಯ ಕೆಪಾಸಿಟರ್ ಹಾಗೇ ಇಟ್ಟು ಬೋರ್ಡಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಹಾಗೆ, 4700 ಮೈಕ್ರೋಫ್ಯಾರಡ್ 25 ವೋಲ್ಟ್‌ನ ಇನ್ನೊಂದನ್ನು ಜೋಡಿಸಿದೆ. ಈಗ ಒಟ್ಟು 10,000, ಇಳಿತ 2.1ರಿಂದ 1.1ಕ್ಕೆ ಬಂತು. 190 ವೋಲ್ಟ್‌ನಲ್ಲೂ ರೆಗ್ಯುಲೇಟರ್‌ಗೆ 7ಕ್ಕಿಂತ ಮೇಲೆ ಸಿಗುತ್ತದೆ.

ಇದಕ್ಕೆ ಬೆಲೆ ಕೊಡಬೇಕಾದದ್ದು ಬಿಸಿಯಲ್ಲಿ. ಮೊದಲು ರೆಗ್ಯುಲೇಟರ್‌ನಲ್ಲಿ ಸುಡುತ್ತಿದ್ದದ್ದು 5 ವ್ಯಾಟ್‌ನಷ್ಟು, ಈಗ 8ರ ಹತ್ತಿರ. ಮೇ ತಿಂಗಳಲ್ಲಿ ಹೀಟ್‌ಸಿಂಕ್ ಮೇಲೆ ಬೆರಳಿಟ್ಟು ಎರಡರ ತನಕ ಎಣಿಸಲು ಆಗುವುದಿಲ್ಲ. ಹಳೇ ಪೇಸ್ಟ್ ಕೆರೆದು ಹೊಸತು ಹಚ್ಚಿ, ಬೋರ್ಡ್ ಅಡಿಗೆ ಗಾಳಿ ಓಡುವ ಹಾಗೆ ಎತ್ತರದ ಕಾಲು ಕೊಟ್ಟೆವು. ಅವನು ಹಲಸಿನ ಮರದ ಪೆಟ್ಟಿಗೆ ಮಾಡಿಸಬೇಕು ಅಂತಿದ್ದ, ಮುಚ್ಚಳ ಇಲ್ಲದ ಪೆಟ್ಟಿಗೆ ಆದರೆ ಮಾತ್ರ ಅಂತ ಹೇಳಿದ್ದೇನೆ. ಸಾಕೆಟ್‌ಗಳನ್ನು ನೋಡುವಾಗ ಒಂದು ಮೆಮೊರಿ ಚಿಪ್‌ನ ಕಾಲು ಕಪ್ಪಾಗಿತ್ತು, ಅದನ್ನೂ ಉಜ್ಜಿದೆ. ಉಪ್ಪು ಗಾಳಿಗೆ ಅಷ್ಟು ಪಾಲು ಸಂದಿತು.

ಒಂದು ಬಾಕಿ ಉಳಿದಿತ್ತು. ಪರದೆಯ ಅಕ್ಷರಗಳು ಹಗಲು ರಾತ್ರಿ ಎನ್ನದೆ ಸಣ್ಣಗೆ ಅಲುಗುತ್ತಿದ್ದವು. ಅವನ ಪರದೆ ಹಳೇ ಸಿಸಿಟಿವಿಯ ಕಪ್ಪುಬಿಳುಪು ಮಾನಿಟರ್, ಚಿತ್ರ ಮೇಲೆ ಕೆಳಗೆ ಓಡದಂತೆ ಹಿಡಿಯುವ ವಿ-ಹೋಲ್ಡ್ ತಿರುಗಿಸಿ 60ಕ್ಕೆ ನಿಲ್ಲಿಸಿದ್ದ. ಟ್ರಾನ್ಸ್‌ಫಾರ್ಮರ್ ಅದರ ಪಕ್ಕದಲ್ಲೇ ಕೂತಿತ್ತು. ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ 50, ಚಿತ್ರ 60, ವ್ಯತ್ಯಾಸ 10, ಹಾಗಾಗಿ ಸೆಕೆಂಡಿಗೆ 10 ಸಲ ಅಲುಗು. ಅಮೆರಿಕದಲ್ಲಿ ಎರಡೂ 60 ಆಸುಪಾಸು, ಅಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಟ್ರಾನ್ಸ್‌ಫಾರ್ಮರ್ ಅನ್ನು ಮೇಜಿನ ಕೆಳಗೆ ಇಳಿಸಿದೆವು, ನಿಂತಿತು.

ಪಂಪ್ ಓಡುವ ಸಂಜೆಗಳಲ್ಲಿ ಈಗ ಬೇಸಿಕ್ ಬೀಳುವುದಿಲ್ಲ. ಇನ್ವರ್ಟರ್‌ನಲ್ಲಿ ಮಾತ್ರ ಅಂಚಿನಲ್ಲಿದೆ, 5 ವೋಲ್ಟ್ ಲೈನಿನಲ್ಲಿ 4.9 ಬರುತ್ತದೆ, ಬ್ಯಾಟರಿ ಇಳಿದರೆ ಅದೂ ಇರುವುದಿಲ್ಲ. ಕರೆಂಟ್ ಹೋದಾಗ ಆಫ್ ಮಾಡು ಅಂದಿದ್ದೇನೆ. ಕೇಳುವ ಜನ ಅಲ್ಲ, ಸೈನ್ ವೇವ್ ಇನ್ವರ್ಟರ್‌ಗೆ ಎಷ್ಟಾಗುತ್ತದೆ ಅಂತ ವಿಚಾರಿಸುತ್ತಿದ್ದಾನೆ.